ಬ್ರೇಕಿಲ್ಲದ ಮೋಟಾರು

ರಾಜಕೋಟದಲ್ಲಿ ಮಧ್ಯಾಹ್ನ ಒಂದು ಗಂಟೆ ಕಳೆದ ಮೇಲೆ ಯಮ ಬಂದರೂ ಬಾಗಿಲು ತೆಗೆಯುವವರಿಲ್ಲ. ಉಂಡು, ಮಜ್ಜಿಗೆ ಕುಡಿದು ಊರಿಗೆ ಊರೇ ಮಲಗಿರುತ್ತದೆ. ಯಮನೂ ಈ ಕಡೆಯವನೇ ಆಗಿದ್ದರೆ ಆ ಹೊತ್ತಿನಲ್ಲಿ ಕೋಣ ಕಟ್ಟಿಹಾಕಿ ಒರಗಿರುತ್ತಾನೆ ಎಂದು ಹರಸುಖಭಾಯ್ ನಂಬಿದ್ದ. ಆ ದಿನ ಒಂದಕ್ಕೆ ಇನ್ನೂ ಸ್ವಲ್ಪ ಬಾಕಿಯಿರುವಾಗ ಆ ನಂಬಿಕೆ ಬಿದ್ದುಹೋಯಿತು.

ಅವನ ಬಲಗೈ ಎರಕದ ತೂತಿನೊಳಗೆ ಮೊಣಕೈವರೆಗೂ ಇಳಿದಿತ್ತು. ಮೇಲಕ್ಕೆ ಬರುತ್ತಿರಲಿಲ್ಲ.

ಹರಸುಖಭಾಯ್ ಕಾರ್ಖಾನೆಯ ಶೆಡ್ಡೊಂದರ ಎಲೆಕ್ಟ್ರಿಕ್ ಮಿಸ್ತ್ರಿ. ಕಂಪ್ಯೂಟರು ಹೇಳಿದಂತೆ ಕಬ್ಬಿಣ ಕೊರೆಯುವ ದೊಡ್ಡ ಯಂತ್ರ ಅಲ್ಲಿತ್ತು. ಅದರ ಮೋಟಾರುಗಳ ಜ್ವರ ನೆಗಡಿಯೆಲ್ಲ ಅವನ ಪಾಲು. ಯಂತ್ರದ ಮೇಜಿನ ಮೇಲೆ ವಾಲ್ವಿನ ಎರಕವೊಂದನ್ನು ಬಿಗಿದಿದ್ದರು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಕೊರೆದದ್ದು ನುಣುಪಾಗಿದೆಯೇ ಎಂದು ಬೆರಳಲ್ಲಿ ಸವರಿ ನೋಡುವುದು ಅವನ ಹಳೆಯ ಚಾಳಿ. ಯಂತ್ರದ ಹತ್ತಿರ ಬಳೆ, ಕಡಗ, ಉಂಗುರ ಕೂಡದು ಎಂದು ಹೊಸಬರಿಗೆಲ್ಲ ಪಾಠ ಹೇಳುವವನೂ ಅವನೇ. ಆದರೆ ಅವನ ಬೆಳ್ಳಿ ಕಡಗ ಖೋಡಿಯಾರ್ ಮಾತಾಜಿಯ ಹರಕೆಯದು. ಮಾತಾಜಿಗೆ ಶೆಡ್ಡಿನ ನಿಯಮ ಅನ್ವಯಿಸುತ್ತದೆ ಎಂದು ಅವನಿಗೆ ತೋರಿರಲಿಲ್ಲ. ಕಡಗ ಕೈಯ ಜೊತೆ ಬಾಯಿ ದಾಟಿ ಒಳಗಿಳಿದು, ಹೊಟ್ಟೆಯಲ್ಲಿ ಅಡ್ಡಕ್ಕೆ ತಿರುಗಿ ಕೂತಿತು.

ಮೊಣಕೈಗೆ ಸರಿಯಾಗಿ ಮೇಲೆ, ಒಂದು ಗೇಣು ಎತ್ತರದಲ್ಲಿ, ಕೊರೆಯುವ ಸರಳು ನೇತಾಡುತ್ತಿತ್ತು. ಅದರ ಹಿಂದೆ ಯಂತ್ರದ ತಲೆ. ಎತ್ತಿನಷ್ಟು ಭಾರ.

ಆ ತಲೆಯನ್ನು ಮೇಲೆ ಹಿಡಿದು ನಿಲ್ಲಿಸುವುದು ಒಂದು ಸರ್ವೋ ಮೋಟಾರು. ನಿಂತಿರುವುದೂ ಅದಕ್ಕೆ ಕೆಲಸವೇ. ಕ್ಷಣಕ್ಷಣಕ್ಕೂ ತಾನೆಲ್ಲಿದ್ದೇನೆ ಎಂದು ಕೇಳಿಕೊಳ್ಳುತ್ತದೆ. ಕೂದಲೆಳೆಯಷ್ಟು ಜಾರಿದರೂ ಎಳೆದುಕೊಂಡು ಜಾಗಕ್ಕೆ ಬರುತ್ತದೆ. ಕರೆಂಟು ಹೋದರೆ ಬಾಲದಲ್ಲಿರುವ ಬ್ರೇಕು ತಾನಾಗಿ ಕಚ್ಚಿಕೊಳ್ಳಬೇಕು. ಹಾಗೆ ಕಚ್ಚಿಕೊಳ್ಳುವ ಅಸಲಿ ಮೋಟಾರು ಸುಟ್ಟು ರಿಪೇರಿಗೆ ಹೋಗಿತ್ತು. ಅದರ ಜಾಗಕ್ಕೆ ಹರಸುಖಭಾಯ್ ಗುಜರಿ ಯಂತ್ರವೊಂದರಿಂದ ಬಿಚ್ಚಿದ ಮೋಟಾರು ಹಾಕಿದ್ದ. ಅದೇ ಅಳತೆ, ಅದೇ ತೂತು. ಆದರೆ ಅದು ಅಡ್ಡಡ್ಡ ಓಡಲು ಹುಟ್ಟಿದ ಮೋಟಾರು. ಬ್ರೇಕಿಲ್ಲ.

"ಇದಕ್ಕೆ ತಲೆ ನೇತುಹಾಕ್ಬೇಡ, ಹರಸುಖಭಾಯ್," ಎಂದು ಅಂದೇ ಹೇಳಿದ್ದವನು ಯಂತ್ರ ನಡೆಸುವ ಹಮೀರ್. ದನ ಕಾಯುವ ಆಹೀರ ಜಾತಿಯವನು, ಮನೆಯಲ್ಲಿ ಎಮ್ಮೆ ಕಟ್ಟಿದ್ದ. ಹರಸುಖಭಾಯ್ ಎಲ್ಲರೆದುರು, "ನಿನ್ನ ಎಮ್ಮೆಗೆ ಬ್ರೇಕ್ ಇದೆಯೇನಪ್ಪಾ? ಆದ್ರೂ ಹಾಲು ಕೊಡಲ್ವಾ?" ಎಂದಿದ್ದ. ಎಲ್ಲರೂ ನಕ್ಕರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆದರೂ ಕೆಲಸ ನಡೆಯಬೇಕಲ್ಲ. ಪಕ್ಕದ ಶೆಡ್ಡೊಂದು ಇಂಥದೇ ಮಧ್ಯಾಹ್ನ ಹೊತ್ತಿ ಉರಿದ ಮೇಲೆ, ಊಟಕ್ಕೆ ಹೋಗುವಾಗ ಮೇನ್ ಸ್ವಿಚ್ ಎಳೆಯುವುದು ಮಾಲೀಕ ಸೇಠರ ಕಟ್ಟಪ್ಪಣೆ. ಎಳೆದರೆ ತಲೆ ಬೀಳುತ್ತದೆ. ಅದಕ್ಕೆ ಒಂದು ಜಾಲಿಮರದ ದಿಮ್ಮಿ: ಹರಸುಖಭಾಯ್ ಅದನ್ನು ತಲೆಯ ಅಡಿಗೆ ನಿಲ್ಲಿಸುವುದು, ಹಮೀರ್ ಶೆಡ್ಡಿನ ಬಾಗಿಲ ಬಳಿಯ ಮೇನ್ ಲಿವರ್ ಎಳೆಯುವುದು. "ದಿಮ್ಮಿ ಇಟ್ಟೆ" ಎಂದು ಕೂಗಲು ಮಾತಿಲ್ಲದ್ದರಿಂದ ಹರಸುಖಭಾಯ್ ಸ್ಪ್ಯಾನರಿನಿಂದ ಯಂತ್ರಕ್ಕೆ ಟಣ್ ಟಣ್ ಎಂದು ಬಡಿಯುತ್ತಿದ್ದ. ಹಮೀರ್ ಎಳೆಯುತ್ತಿದ್ದ. ಜಗಳವಾದ ಮೇಲೆ ಇಬ್ಬರ ಕೆಲಸವೂ ಅಚ್ಚುಕಟ್ಟಾಗಿದೆ ಎಂದು ಸೇಠರಿಗೆ ಸಂತೋಷವೇ ಆಗಿತ್ತು.

ಈಗ ದಿಮ್ಮಿ ತಲೆಯ ಅಡಿಯಲ್ಲಿರಲಿಲ್ಲ. ಕೈ ಎಟುಕಲೆಂದು ಅದನ್ನು ಮಲಗಿಸಿ ಹರಸುಖಭಾಯ್ ಅದರ ಮೇಲೆಯೇ ನಿಂತಿದ್ದ.

ಕೈಯನ್ನು ಜೋರಾಗಿ ಜಗ್ಗಿದ. ಒಳಗೆ ಕಡಗ ಎರಕಕ್ಕೆ ಬಡಿಯಿತು. ಟಣ್. ಟಣ್.

ಆ ಸದ್ದು ಕೇಳಿದ ಮೇಲೆ ಅವನಿಗೆ ಅದರ ಅರ್ಥ ಹೊಳೆಯಿತು. ಯಂತ್ರದ ಬಾಗಿಲ ಸಂದಿನಿಂದ ನೋಡಿದ. ಹಮೀರ್ ಟಿಫಿನ್ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಒಂದು ಕೆನ್ನೆಯಲ್ಲಿ ಅಡಿಕೆ-ತಂಬಾಕಿನ ಮಾವಾ ತುಂಬಿಕೊಂಡು, ಲಿವರಿಗೆ ಕೈ ಹಾಕುತ್ತಿದ್ದ. ಉಳಿದವರೆಲ್ಲ ಆಗಲೇ ಹೋಗಿದ್ದರು.

ಕೂಗಿಬಿಡಬೇಕು ಎಂದು ಬಾಯಿ ತೆರೆದ, ಮುಚ್ಚಿದ. 'ಕೈ ಸಿಕ್ಕಿಕೊಂಡಿದೆ' ಎಂದರೆ ಹಮೀರ್ ಏನು ಮಾಡುತ್ತಾನೆ? ಯಾವ ಶೆಡ್ಡಿನವನಾದರೂ ಏನು ಮಾಡುತ್ತಾನೋ ಅದನ್ನೇ. ಮನುಷ್ಯ ಯಂತ್ರಕ್ಕೆ ಸಿಕ್ಕರೆ ಮೊದಲು ಕರೆಂಟು ತೆಗೆ, ಆಮೇಲೆ ಯೋಚನೆ ಮಾಡು. ಕಲಿಸಿದವನು ಹರಸುಖಭಾಯಿಯೇ. ಅವನನ್ನು ಉಳಿಸಲು ಬಂದ ಪುಣ್ಯಾತ್ಮನೇ ಅವನ ಕೈ ತೆಗೆಯುತ್ತಾನೆ. ನೆತ್ತಿಯ ಮೇಲೆ ಮೋಟಾರು ಸಣ್ಣಗೆ ಗುಂಯ್‌ಗುಡುತ್ತಿತ್ತು. ಇಷ್ಟು ದಿನ ಆ ಸದ್ದು ಅವನಿಗೆ ಪ್ರೀತಿಯದು. ಈಗ ಹೊರೆ ಹೊತ್ತ ಮುದುಕ ಏದುಸಿರು ಬಿಟ್ಟ ಹಾಗೆ ಕೇಳಿಸಿತು.

"ಹಮೀರ್‌ಭಾಯ್," ಎಂದ, ಆದಷ್ಟು ಮೆತ್ತಗೆ.

ಹಮೀರ್ ಲಿವರ್ ಬಿಡಲಿಲ್ಲ. ಎದುರಿನ ಗೋಡೆಗೆ ಹೇಳಿದ: "ಗೋಡೆಯಪ್ಪಾ, ಯಾರೋ ಕರೆದ ಹಾಗಾಯ್ತಲ್ಲ? ನಂಗಂತೂ ಕಿವಿ ಮಂದ. ಎಮ್ಮೆ ಕಾಯೋನು ನೋಡು."

"ಲಿವರಿಂದ ಕೈ ತೆಗಿ ಮಾರಾಯ."

"ಗಂಟೆ ಒಂದಾಯ್ತಂತೆ, ಗೋಡೆಯಪ್ಪಾ. ದಿಮ್ಮಿ ಇಟ್ಟ ಸದ್ದೂ ಬಂತು. ಡಬ್ಬೀಲಿ ರೊಟ್ಲಾ ಆರ್ತಾ ಇದೆ."

"ಅದು ದಿಮ್ಮಿದಲ್ಲ. ಕಡಗದ್ದು."

"ಕಡಗದ್ದಾ?" ಹಮೀರ್ ಗೋಡೆಯನ್ನು ಮರೆತ. "ಎಲ್ಲಿದೆ ಕಡಗ?"

"ಮೊದ್ಲು ಕೈ ತೆಗಿ, ಆಮೇಲೆ ಹೇಳ್ತೀನಿ."

"ಮೊದ್ಲು ಹೇಳು, ಆಮೇಲೆ ತೆಗೀತೀನಿ. ದೊಡ್ಡ ಮಿಸ್ತ್ರಿ! ಇಷ್ಟು ದಿನ ಮಾತಿಲ್ಲ, ಊಟದ ಹೊತ್ತಿಗೆ ಹುಕುಂ ಬೇರೆ."

ಲಿವರ್ ಕಿರ್ರೆಂದಿತು. ಹಮೀರನ ಮುಷ್ಟಿ ಬಿಗಿಯಾದದ್ದು ಇಲ್ಲಿಂದಲೇ ಕಂಡಿತು. ಹರಸುಖಭಾಯಿಯ ಕಾಲಡಿಯ ದಿಮ್ಮಿ ಕಟಕಟ ಎಂದಿತು. ಕಣ್ಣು ಮುಚ್ಚಿಕೊಂಡ. ಇಷ್ಟು ದಿನ ನಾಲಿಗೆ ತುದಿಗೆ ಬಂದರೂ ನುಂಗಿಕೊಂಡಿದ್ದ ಮಾತು ಆಗ ಹೊರಗೆ ಬಿತ್ತು.

"ಹಮೀರ್‌ಭಾಯ್, ಆ ಮೋಟಾರು ಹಾಕಬಾರದಿತ್ತು. ನೀನು ಹೇಳಿದ್ದೇ ಸರಿ. ತಪ್ಪು ನಂದೇ."

ಹಮೀರನ ದವಡೆ ಮಾವಾ ಅಗಿಯುವುದನ್ನು ನಿಲ್ಲಿಸಿತು. ಹರಸುಖಭಾಯಿಯ ಜೊತೆ ಅವನು ಕೂದಲು ನರೆಯುವಷ್ಟು ಕಾಲ ಕೆಲಸ ಮಾಡಿದ್ದ. ಮಿಸ್ತ್ರಿ ತಪ್ಪೊಪ್ಪಿಕೊಂಡದ್ದನ್ನು ಒಮ್ಮೆಯೂ ಕೇಳಿರಲಿಲ್ಲ.

"ಏನೋ ಭಾರಿ ಅನಾಹುತ ಆಗಿದೆ," ಎಂದು ತನಗೇ ಹೇಳಿಕೊಂಡು, ಲಿವರಿನಿಂದ ಕೈಯನ್ನು ಬೆಂಕಿಯಿಂದ ತೆಗೆದ ಹಾಗೆ ತೆಗೆದ.

ಓಡಿ ಬಂದ. ನೋಡಿದ. ನೋಡಿದ್ದೇ ತಡ, ಅವನ ಅಂಗೈ ಯಂತ್ರದ ಕರೆಂಟು ಕಡಿಯುವ ಕೆಂಪು ಗುಂಡಿಯ ಕಡೆ ತಾನಾಗಿ ಹಾರಿತು.

"ಒತ್ತಬೇಡ! ತಲೆ ಬೀಳುತ್ತೆ!"

ಅಂಗೈ ಗುಂಡಿಗೆ ತಾಗುವುದಕ್ಕೆ ಮುಂಚೆ ನಿಂತಿತು. ಹಮೀರ್ ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ, ಯಾರದೋ ಕೈಯೆಂಬಂತೆ.

"ದಿಮ್ಮಿ ಎಲ್ಲಿ?"

"ನನ್ನ ಕಾಲಡಿ."

"ಅಯ್ಯೋ ನಿನ್ನ! ಇಳಿ."

"ಇಳಿದ್ರೆ ತೋಳು ಮುರಿಯುತ್ತೆ. ಎಟುಕಲ್ಲ."

ಹಮೀರ್ ಟಿಫಿನ್ ಡಬ್ಬಿ ಎಸೆದು, ಕುಕ್ಕರುಗಾಲಲ್ಲಿ ಕೂತು, ಮಿಸ್ತ್ರಿಯನ್ನು ತೊಡೆಗೆ ತಬ್ಬಿ ಹೆಗಲ ಮೇಲೆ ಕೂರಿಸಿಕೊಂಡ. "ಏನು ತಿಂತೀಯಾ ಮಿಸ್ತ್ರಿ, ಎಮ್ಮೆಗಿಂತ ಭಾರ!" ಎಂದು ತಿಣುಕುತ್ತ, ಒಂದು ಕಾಲಿಂದ ದಿಮ್ಮಿಯನ್ನು ಹೊರಗೆ ತಳ್ಳಿದ. ಅವನನ್ನು ಹೊತ್ತೇ ಒಂದು ಕೈಯಿಂದ ಅದನ್ನು ಎತ್ತಿದ. ಅಷ್ಟರಲ್ಲಿ ಶೆಡ್ಡಿನ ದೀಪ ಒಮ್ಮೆ ಮಂಕಾಯಿತು. ಮೋಟಾರಿನ ಸ್ವರ ಒಂದು ಗಳಿಗೆ ತಗ್ಗಿತು. ಹರಸುಖಭಾಯ್ ಮಾತಾಜಿಯ ಹೆಸರನ್ನೂ ಹೇಳಲಾರದೆ ಬರೀ ಬಾಯಿ ಅಲುಗಿಸಿದ. ದೀಪ ಸರಿಯಾಯಿತು. ದಿಮ್ಮಿ ಮೇಜಿನ ಮೇಲೆ ನೆಟ್ಟಗೆ ನಿಂತಿತು. ಅದರ ತುದಿಗೂ ಯಂತ್ರದ ತಲೆಗೂ ನಡುವೆ ಎರಡು ಬೆರಳಿನ ಜಾಗ.

ಆಮೇಲೆ ಅವಸರವಿರಲಿಲ್ಲ. ಹಮೀರ್ ಎಣ್ಣೆಡಬ್ಬಿ ತಂದು ತೂತಿಗೆ ಸುರಿದ. ಕೈಯನ್ನು ಕರುವಿನ ಕಾಲು ಹೊರಗೆಳೆಯುವ ಹಾಗೆ ತಿರುವಿ ತಿರುವಿ ಎಳೆದ. ಕೈ ಬಂತು. ಚರ್ಮ ಸುಲಿದಿತ್ತು. ಕಡಗ ಒಳಗೇ ಉಳಿಯಿತು.

ಹರಸುಖಭಾಯ್ ನೆಲಕ್ಕೆ ಕುಸಿದು, ಎಣ್ಣೆಯ ಕೈಯನ್ನು ಎದೆಗವಚಿಕೊಂಡ.

"ಈಗ ಒತ್ತಲಾ?" ಎಂದ ಹಮೀರ್.

ಬೇಡವೆನ್ನಲು ಹೊರಟ ಹರಸುಖಭಾಯ್ ಹೂಂ ಎಂದು ತಲೆಯಾಡಿಸಿದ. ಹಮೀರ್ ಕೆಂಪು ಗುಂಡಿ ಒತ್ತಿದ.

ಗುಂಯ್‌ಗಾಟ ನಿಂತಿತು. ತಲೆ ಎರಡೇ ಬೆರಳಿನಷ್ಟು ಬಿದ್ದದ್ದು ಅಷ್ಟೇ, ನೆಲ ಅದುರಿತು. ಜಾಲಿಯ ದಿಮ್ಮಿ ಮೇಲಿಂದ ನಡುವಿನವರೆಗೆ ಸೀಳಿ, ನರಳಿ, ಹಿಡಿದುಕೊಂಡಿತು. ಇಬ್ಬರೂ ಆ ಸೀಳನ್ನೇ ನೋಡಿದರು.

ಹಮೀರ್ ಚೆಲ್ಲಿದ ಟಿಫಿನ್ ಎತ್ತಿಕೊಂಡು, ಪಕ್ಕದಲ್ಲಿ ಕೂತು ಹೇಳಿದ.

"ಎಮ್ಮೆಗೆ ಬ್ರೇಕ್ ಇದೆ, ಹರಸುಖಭಾಯ್. ನಿಲ್ಲು ಅಂದ್ರೆ ನಿಲ್ಲುತ್ತೆ."

ಹರಸುಖಭಾಯ್ ನಗಲು ನೋಡಿದ. ಊರೆಲ್ಲ ಮಲಗಿದ ಆ ಮಧ್ಯಾಹ್ನದಲ್ಲಿ, ಎಡಗೈಯಿಂದಲೇ ಸ್ಪ್ಯಾನರ್ ತಡವಿ, ಮೋಟಾರಿನ ಬೋಲ್ಟು ಬಿಚ್ಚಲು ಎದ್ದ.