ಬೆಹ್ರಾಮ್ ಆಗಾನ ನಿಲುವಂಗಿ

ಬೆಹ್ರಾಮ್ ಆಗಾ ಕಣ್ಣಿಗೆ ಬೀಳುವ ಮೊದಲೇ ಅವನ ಕೆಮ್ಮು ಓಣಿಗೆ ಬಂದು ಮುಟ್ಟುತ್ತಿತ್ತು. ಗಂಡಸಿಲ್ಲದ ಮನೆ ಎದುರಾದರೆ ಒಂದು ಕೆಮ್ಮು ಹೆಚ್ಚು. ಕೊಕ್ಕರೆಯಂತೆ ಕತ್ತು ನೀಡಿ, ಗೋಡೆಯಾಚೆ ಇಣುಕಿ, ಅನಂತರವೇ ಮುಂದಿನ ಹೆಜ್ಜೆ. ನರಿಯ ತುಪ್ಪಳದ ಅಂಚಿದ್ದ ಹಸಿರು ನಿಲುವಂಗಿಯನ್ನು ಇಸ್ತಾಂಬುಲಿನ ಉಸ್ಕುದಾರಿನ ಸುಡುಬಿಸಿಲಿನಲ್ಲೂ ಅವನು ಕಳಚಿದ್ದನ್ನು ನಮ್ಮ ಓಣಿ ಕಂಡಿರಲಿಲ್ಲ. “ಮರ್ಯಾದೆ ಅನ್ನೋದು ಮೈಮೇಲಿರಬೇಕು” ಎನ್ನುತ್ತಿದ್ದ, ಬೆವರೊರೆಸಿಕೊಳ್ಳುತ್ತ.

ಪಕ್ಕದ ಮನೆಯ ಮುದುಕಿ ಮೈಮೂನೆಗೆ ಅವನನ್ನು ಕಂಡರೆ ತಲೆ ಚಿಟ್ಟುಹಿಡಿಯುತ್ತಿತ್ತು. ಬಟ್ಟೆ ಹೊಲಿದು ಬದುಕುವ ವಿಧವೆ ಹನೀಫೆಯ ಹೊಸ್ತಿಲಲ್ಲಿ ಮದುಮಗನೊಬ್ಬ ನಿಂತರೂ ಅವನು ಓಡಿಬರುವನು.

“ಷರಾಯಿ ಹೊಲಿಸೋಕೆ ಬಂದಿದ್ದ ಕಣಪ್ಪಾ” ಎನ್ನುವಳು ಮುದುಕಿ.

“ಅದಕ್ಕೆ ಅವನ ಅಳತೆ ಯಾಕಜ್ಜಿ ಬೇಕು?”

“ಮತ್ತೆ ನಿನ್ನ ಅಳತೆಗೆ ಹೊಲಿಯೋಕಾಗುತ್ತಾ?”

ಒಂದು ಚಳಿಗಾಲದ ಬೆಳಿಗ್ಗೆ ಹನೀಫೆಯ ಬಾಗಿಲಿಗೆ ಡಾಂಬರು ಬಳಿದಿತ್ತು. ಸೂಳೆಯ ಮನೆಯೆಂದು ಸಾರುವ ರೂಢಿ ಅದು. ಬಳಿದವರಾರೆಂದು ಯಾರೂ ಕೇಳುವುದಿಲ್ಲ. ಕಂಡ ಸಾಕ್ಷಿಯೂ ಬೇಡ. ಇವಳು ನಮಗೆ ಬೇಡವೆಂದು ನೆರೆಯವರು ನುಡಿದರೆ ಖಾಜಿ ಓಣಿ ಬಿಡಿಸುತ್ತಾನೆ. ಡಾಂಬರು ಬಿದ್ದವಳಿಗೆ ಮತ್ತಾವ ಓಣಿ ಮನೆ ಕೊಟ್ಟೀತು?

ಖಾಜಿಯ ಮುಂದೆ ಗಂಡಸರು ತಲೆ ತಗ್ಗಿಸಿ ನಿಂತರು.

“ಇವಳು ಎಂಥವಳು?”

“ಬಾಗಿಲಿಗೆ ಬಳಿದಿದೆ, ಸ್ವಾಮಿ.”

ಎಲ್ಲರಿಗಿಂತ ಮುಂದೆ ನಿಂತು ಹೂಂಗುಟ್ಟುತ್ತಿದ್ದ ಆಗಾ ಬರಿಯ ಅಂಗಿಯಲ್ಲಿ ಗಡಗಡ ನಡುಗುತ್ತಿದ್ದ. ಮೈಮೂನೆ ಹಿಂದಿನಿಂದ ಕೇಳಿದಳು: “ಹೊರಗೆ ಹಿಮ ಬೀಳ್ತಿದೆ ಆಗಾ. ಮರ್ಯಾದೆ ಎಲ್ಲಿ ಬಿಟ್ಟು ಬಂದೆ?”

“ಒಗೆಯೋಕೆ ಹಾಕಿದೀನಿ.”

“ತುಪ್ಪಳದ್ದನ್ನ, ಈ ಚಳೀಲಿ? ತೋಳಿಗೆ ಏನು ಮೆತ್ತಿತ್ತಪ್ಪಾ?”

ಖಾಜಿ ನಿಲುವಂಗಿಯನ್ನು ತರಿಸಿದ. ಬಲದೋಳು ತುದಿಯಿಂದ ಮೊಣಕೈವರೆಗೆ ಡಾಂಬರಿನಿಂದ ಕಪ್ಪಾಗಿ ಸೆಟೆದಿತ್ತು. ಅವನು ಮತ್ತೆ ಕೇಳಿದ್ದೇ ತಡ, ಅವೇ ಬಾಯಿಗಳು, “ಒಳ್ಳೆ ಹೆಂಗಸು ಸ್ವಾಮಿ, ನಮ್ಮದೇನೂ ದೂರಿಲ್ಲ” ಎಂದವು. ಹನೀಫೆಗೆ ಮನೆ ಉಳಿಯಿತು. ಮೈಮೂನೆಗೆ ಮಾತ್ರ ಆ ಬಾಯಿಗಳ ಮೇಲೆ ಆಗಾನಿಗಿಂತ ಹೆಚ್ಚು ಸಿಟ್ಟು ಬಂತು.

ಮುಂದಿನ ಶುಕ್ರವಾರವೇ, ಹನೀಫೆ ಬಾಗಿಲ ಡಾಂಬರು ಉಜ್ಜುತ್ತಿದ್ದಾಗ, ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಕಪ್ಪಾದಷ್ಟನ್ನು ಕತ್ತರಿಸಿ ಒಂದು ತೋಳು ಮೋಟಾದ ನಿಲುವಂಗಿಯಲ್ಲಿ ಆಗಾ ನಿಂತಿದ್ದ. “ಸರಿಯಾಗಿ ಉಜ್ಜಮ್ಮಾ. ಕಲೆ ಉಳಿದರೆ ಓಣಿಗೆ ಕೆಟ್ಟ ಹೆಸರು.”

ಅನ್ಯರ ಬಾಗಿಲು ಕಾಯುವ ಜನವೇ ಹೀಗೆ. ಎಂಥ ಅವಮಾನವೂ ಅವರನ್ನು ಕುಗ್ಗಿಸಲಾರದು. ಕುಗ್ಗುವುದು ಅಂಗಿಯ ತೋಳು ಮಾತ್ರ.