ಉಪ್ಪುನೀರಿಗೆ ಕಟ್ಟಿಕೊಂಡ ಹರಕೆ

ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ನಾನು ಹೆದರಿದೆ. ಮೀನು ಸಾಯುತ್ತವಲ್ಲ ಎಂದಲ್ಲ, ಸುಳ್ಳು ಯಾಕೆ ಹೇಳಲಿ. ಮೀನು ಸತ್ತರೆ ನನ್ನ ಗಂಡ ತಿಮ್ಮೇಶ ಕೂಗಾಡುತ್ತಾರೆ, ಅವರು ಕೂಗಾಡಿದರೆ ಅತ್ತೆ ಮನೆ ಬಿಟ್ಟು ಹೋಗುತ್ತಾರೆ. ಭಯ ಅದು.

ಅತ್ತೆ ಪುಟ್ಟಲಕ್ಷ್ಮಮ್ಮ ಪಾಂಡವಪುರದ ನಮ್ಮ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ. ಮಗನ ನಾಲಿಗೆಗೆ ಹೆದರಿ ಅಷ್ಟು ಕಾಲ ನಾಗಮಂಗಲದಲ್ಲಿ ಮಗಳ ಮನೆಯಲ್ಲೇ ಇದ್ದವರು. ನನಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗೋಣವೆಂದರೆ ಅಲ್ಲಿ ತಾಯಿಯಿಲ್ಲ. ನಾನೇ ಹೋಗಿ ಅಂಗಲಾಚಿ ಕರೆತಂದಿದ್ದೆ. ಮಗ ಒಂದು ಸಲ ದನಿಯೆತ್ತಿದರೂ ಅವತ್ತೇ ಬಸ್ಸು ಹತ್ತುತ್ತೇನೆ ಎಂದು ಷರತ್ತು ಹಾಕಿಯೇ ಬಂದಿದ್ದರು. ಹಟದಲ್ಲಿ ತಾಯಿ ಮಗ ಇಬ್ಬರೂ ಒಂದೇ.

ನನ್ನ ಗಂಡನದು ಲಾರಿ. ಆಲೆಮನೆಗಳ ಬೆಲ್ಲ ತುಂಬಿಕೊಂಡು ಮಂಗಳೂರು ಬಂದರಿಗೆ ಹೋಗುತ್ತಾರೆ. ಅಲ್ಲಿ ಲಕ್ಷದ್ವೀಪದ ಹಡಗಿನವರ ಸ್ನೇಹವಾಗಿ, ಬರುವಾಗ ಕ್ಯಾನುಗಳಲ್ಲಿ ಸಮುದ್ರದ ನೀರು, ಕವರಿನಲ್ಲಿ ಬಣ್ಣದ ಮೀನು ತರತೊಡಗಿದರು. ತೊಂಬತ್ತಾರರ ಆ ವರ್ಷ ನಮ್ಮ ಬೀದಿಯವರು ಟೀವಿ ಬಿಟ್ಟು ನಮ್ಮ ಮೀನು ನೋಡಲು ಬರುತ್ತಿದ್ದರು. ಹಳದಿ ಚಿಟ್ಟೆಮೀನು ಎರಡು, ಬೆರಳುದ್ದದ ನೀಲಿ ಮೀನು ಎರಡು. ಈ ನೀಲಿಯವು ದೊಡ್ಡ ಮೀನುಗಳ ಮೈಗೆ, ಕಿವಿರಿಗೆ ಬಾಯಿ ಹಾಕಿ ಹುಳ, ಸತ್ತ ಚರ್ಮ ಕಿತ್ತು ತಿನ್ನುತ್ತಿದ್ದವು. ಅದೇ ಅವುಗಳ ಊಟ, ಬೇರೆ ಏನು ಹಾಕಿದರೂ ಮೂಸುತ್ತಿರಲಿಲ್ಲ. ಲಾರಿಯವರಲ್ಲವೆ, ನನ್ನ ಗಂಡ ಅವನ್ನು ಕ್ಲೀನರ್ ಎಂದೇ ಕರೆಯುತ್ತಿದ್ದರು. ಹೇನು ನೋಡಿದ ಹಾಗೆ ಎಷ್ಟು ನಿಗಾ ಮಾಡಿ ನೋಡುತ್ತವೆ ಎಂದು ಅತ್ತೆ ಅವುಗಳ ಮುಂದೆಯೇ ಮಣೆ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು.

ಆ ವಾರ ಚಿಟ್ಟೆಮೀನುಗಳ ಮೈಮೇಲೆ ರವೆ ಎರಚಿದಂತೆ ಬಿಳಿ ಗುಳ್ಳೆ ಎದ್ದಿದ್ದವು. ಕ್ಲೀನರ್‌ಗಳ ಕೈಲೂ ಅದು ಹೋಗಲಿಲ್ಲ. ನನ್ನ ಗಂಡ ಮುದ್ದೆ ಮುಂದಿಟ್ಟರೆ ತಟ್ಟೆ ತಳ್ಳಿ ತೊಟ್ಟಿಯ ಮುಂದೆ ಕೂರುತ್ತಿದ್ದರು. ಈಗ ನೀರೂ ಕೆಟ್ಟಿತು. ಸಾಲದ್ದಕ್ಕೆ ಕರೆಂಟು ಹೋಗಿ ಗಾಳಿಯ ಪಂಪು ನಿಂತಿತು.

ಅವರು ಹಲ್ಲುಜ್ಜುತ್ತಿದ್ದವರು ಹಾಗೇ ಓಡಿ ಬಂದರು. ನನ್ನ ಕೈಗೆ ಚೊಂಬು ಕೊಟ್ಟು, ನೀರು ಮೊಗೆದು ಮೇಲಿಂದ ಹುಯ್ಯುತ್ತಲೇ ಇರು, ಗಾಳಿ ಸೇರಲಿ ಎಂದರು. ನೀರನ್ನು ಮೂಸಿದರು. ಸೋಪು ಬಿತ್ತಾ, ಫಿನಾಯಿಲ್ ಬಿತ್ತಾ, ಯಾರು ಏನು ಹಾಕಿದಿರಿ ಎಂದು ಹಲ್ಲು ಕಚ್ಚಿ ಕೇಳಿದರು. ನಾನು ಹುಯ್ಯುತ್ತಲೇ ಇದ್ದೆ. ಆಗ ಕಣ್ಣಿಗೆ ಬಿದ್ದಿದ್ದು ಇರುವೆ ಸಾಲು. ಮೇಜಿನ ಕಾಲು ಹಿಡಿದು ಹತ್ತಿ, ತೊಟ್ಟಿಯ ಮುಚ್ಚಳದ ಅಂಚಿಗೆ ಮುತ್ತಿದ್ದವು. ಉಪ್ಪುನೀರಿಗೆ ಇರುವೆಗೇನು ಕೆಲಸ? ಅಲ್ಲಿ ಕಂದು ಚೂರುಗಳಿದ್ದವು. ಅದೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ತಿರುಗಿದರೆ ಅಡುಗೆಮನೆ ಬಾಗಿಲಲ್ಲಿ ಅತ್ತೆ, ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಮೈಮೇಲೆ ಗುಳ್ಳೆ, ನರೂಲಿ ಎದ್ದರೆ ನಮ್ಮ ಕಡೆ ಹರಕೆ ಹೊತ್ತು ದೇವರ ಕೊಳಕ್ಕೆ ಬೆಲ್ಲ, ಉಪ್ಪು ಹಾಕುತ್ತಾರೆ. ಅದು ಕರಗಿದಂತೆ ಗುಳ್ಳೆಯೂ ಕರಗುತ್ತದೆ ಎಂದು ನಂಬಿಕೆ. ಮೀನಿನ ಗುಳ್ಳೆಗೆ ಅವರು ಮೀನಿನ ನೀರನ್ನೇ ಕೊಳ ಮಾಡಿಕೊಂಡಿದ್ದರು.

ನಾನು ಸೆರಗಿನಿಂದ ಇರುವೆ ಒರೆಸಲು ಹೋದೆ. ನನ್ನ ಗಂಡ ನೋಡಿಬಿಟ್ಟರು. ಬಾಯಿಗೆ ಬಂದ ಸುಳ್ಳು ಹೇಳಿದೆ: ಬಸುರಿ ಚಪಲ, ರಾತ್ರಿ ಬೆಲ್ಲ ತಿನ್ನುತ್ತಾ ನಿಂತಿದ್ದೆ, ಕೈಜಾರಿ ಬಿತ್ತು. ಅವರು ಕೂಗಾಡಿದರು ನೋಡಿ, ಪಕ್ಕದ ಮನೆಯ ಬೆಟ್ಟಮ್ಮ ಕಿಟಕಿಗೆ ಬಂದಳು. ನಾನು ತಲೆ ತಗ್ಗಿಸಿ ನೀರು ಹುಯ್ಯುತ್ತಿದ್ದೆ, ನನ್ನ ಮೇಲಾದರೆ ಕೂಗಲಿ ಎಂದು.

ಅತ್ತೆ ನಡುವೆ ಬಂದು ನಿಂತರು.

"ಬಸ್ರಿ ಮ್ಯಾಲೆ ಯಾಕ್ಲಾ ಕೂಗಾಡೀಯೆ? ಆಕ್ದೋಳು ನಾನು. ಒಂದಚ್ಚು ಬೆಲ್ಲ, ಒಂದಿಡಿ ಉಪ್ಪು. ನೀನು ಉಣ್ದೆ ಕುಂತಿದ್ದನ್ನ ನೋಡಕ್ಕಾಗ್ನಿಲ್ಲ ಕಣ್ಲಾ."

ನನ್ನ ಗಂಡ ಕೂಗಲಿಲ್ಲ. ಕೂಗಿದ್ದರೇ ವಾಸಿಯಿತ್ತು. ಮೆಲ್ಲಗೆ ಅಂದರು, "ನೀನು ಬರಾಗಂಟ ಎಲ್ಲಾ ಚೆಂದಾಗಿತ್ತು ಕನವ್ವ."

ಅತ್ತೆ ಒಳಕೋಣೆಗೆ ಹೋದರು. ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳಿತು. ಇಲ್ಲಿ ಎರಡೂ ಚಿಟ್ಟೆಮೀನು ಮಗ್ಗುಲಾದವು, ಒಂದು ಕ್ಲೀನರ್ ಮರಳಿಗೆ ಬಿತ್ತು. ನಾನು ಚೊಂಬನ್ನು ಕುಕ್ಕಿದೆ. ಮದುವೆಯಾದ ಮೇಲೆ ಅವರೆದುರು ಮೊದಲ ಸಲ ನನ್ನ ದನಿ ಏರಿತ್ತು.

"ಮೀನು ಮಂಗ್ಳೂರಲ್ಲಿ ಸಿಕ್ತವೆ. ನಿಮ್ಮವ್ವ ವೋಗ್ಬುಟ್ರೆ ಎರಿಗೇಲಿ ನಾನ್ಯಾರ ಕೈ ಇಡ್ಕಳ್ಳಿ?"

ಅವರು ಬಕೆಟ್ಟು ಎಳೆದುಕೊಂಡರು. ಉಳಿದ ಒಂದು ಕ್ಲೀನರನ್ನು ಬಲೆಯಲ್ಲಿ ಹಿಡಿದು, ಕ್ಯಾನಿನಲ್ಲಿ ಉಳಿದಿದ್ದ ಸಮುದ್ರದ ತಿಳಿನೀರನ್ನು ಬಕೆಟ್ಟಿಗೆ ಸುರಿದು ಅದರಲ್ಲಿ ಬಿಟ್ಟರು. ಅದು ಸುತ್ತುತ್ತಲೇ ಇತ್ತು. ತಿನ್ನಲು ಅದಕ್ಕೆ ಯಾರ ಮೈಯೂ ಇರಲಿಲ್ಲ. ಇವರು ತಮ್ಮ ಕೈಯನ್ನೇ ಅದ್ದಿದರು. ಡೀಸೆಲ್ ನಾತದ ಕೈ, ಮೀನು ಬಳಿಗೂ ಬರಲಿಲ್ಲ.

ಅತ್ತೆ ಬ್ಯಾಗು ಹಿಡಿದು ಬಂದು ಹೊಸಿಲ ಹತ್ತಿರ ಚಪ್ಪಲಿ ಹುಡುಕತೊಡಗಿದರು. ಇವರು ಎದ್ದು ಹೋಗಿ ಅವ್ವನ ಮಣಿಕಟ್ಟು ಹಿಡಿದು, ಬಕೆಟ್ಟಿನ ಹತ್ತಿರ ಕರೆತಂದು ಕೂರಿಸಿದರು. ಆ ಕೈಯನ್ನು ನೀರಿಗಿಳಿಸಿದರು. ಕಳೆ ಕಿತ್ತು, ಪಾತ್ರೆ ಉಜ್ಜಿ ಸಿಪ್ಪೆಯೆದ್ದ ಕೈ. ಮೀನು ಒಂದು ಸುತ್ತು ಬಂತು, ನಿಂತಿತು, ಹೆಬ್ಬೆರಳ ಸಂದಿಗೆ ಬಾಯಿ ಹಾಕಿತು.

"ಕಚ್ತದಲ್ಲಾ" ಎಂದರು ಅತ್ತೆ, ಕೈ ತೆಗೆಯದೆ.

"ಉಣ್ತಾ ಅದೆ. ಇನ್ನು ಅದ್ಕೆ ನೀನೇ ದಿಕ್ಕು."

"ದಿನಾ ಕೊಡ್ಬೇಕಾ ಕೈಯ?"

"ದಿನಾ ಕೊಡ್ಬೇಕು. ಇರವ್ವ."

ಅತ್ತೆ ಇನ್ನೊಂದು ಕೈಯಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸರಿಯಾಗಿ ಕೂತರು. ಆಮೇಲೆ, ಆ ಬ್ಯಾಗನ್ನು ಒಳಗೆ ಇಟ್ಟುಬಿಡು ಎಂದು ನನಗೆ ಹೇಳಿದರು. ಎತ್ತಿಕೊಂಡೆ. ಬ್ಯಾಗು ಹಗುರವಾಗಿತ್ತು. ಅದರೊಳಗೆ ಒಂದು ಸೀರೆಯನ್ನೂ ಅವರು ಹಾಕಿರಲಿಲ್ಲ.