ನೇರಪ್ಪನ ಬಾಯಾರಿಕೆ

“ಕೈ ಮೇಲೆತ್ತೇ. ಕಂಕುಳಿಗೂ ಹೊಡೀಬೇಕು. ಸತ್ತ ದನದ ಜೊತೆ ಬದುಕೋಳಿಗೆ ನಾಚಿಕೆ ಬೇರೆ ಕೇಡು.”

ಮೇಸ್ತ್ರಿ ಮೂಗಿಗೆ ಕರ್ಚೀಫು ಕಟ್ಟಿಕೊಂಡಿದ್ದ. ತಿಗಣೆಗೆ ಔಷಧಿ ಹೊಡೆಯುವವನ ಹಾಗೆ ಸೆಂಟಿನ ಡಬ್ಬಿ ಹಿಡಿದು ಒಬ್ಬೊಬ್ಬರ ಮುಂದೂ ನಿಂತು ಹೊಡೆಯುತ್ತ ಬರುತ್ತಿದ್ದ. ನಾನು ಕೈ ಎತ್ತಿದೆ. ಸುಣ್ಣದ ನೀರಿನಲ್ಲಿ ಬಿರುಕು ಬಿಟ್ಟ ತೋಳಿಗೆ ಸೆಂಟು ತಾಗಿ ಚುರ್ರೆಂದಿತು. ಬೆಳಗಿನಿಂದ ತೊಗಲು ಹದ ಮಾಡುವ ಕಾರ್ಖಾನೆಯಲ್ಲಿ ಹಸಿ ತೊಗಲಿನ ಕೂದಲು ಕೆರೆದ ಮೈ. ಆ ನಾತ ಒಂದು ಡಬ್ಬಿಗೆ ಬಗ್ಗುವಂಥದ್ದಲ್ಲ. ಎರಡೂ ಸೇರಿ ಮೂರನೆಯದೊಂದು ವಾಸನೆ ಎದ್ದು, ಪಕ್ಕದಲ್ಲಿ ನಿಂತಿದ್ದ ದೊಡ್ಡಬಾಯಿ ಓಕರಿಸಿದಳು.

“ಇಪ್ಪತ್ತು ವರ್ಷದಿಂದ ಸುಣ್ಣದ ತೊಟ್ಟೀಲಿ ಇಳೀತಿದೀನಿ, ಒಂದಿನಾನೂ ವಾಂತಿ ಬಂದಿರಲಿಲ್ಲ. ಇವನ ಸೆಂಟಿಗೆ ಬಂತು ನೋಡು,” ಅಂದಳು.

“ಬಾಯಿ ಮುಚ್ಚೇ ಮುಂಡೆ. ಸಾಹೇಬ್ರು ಬರೋ ಹೊತ್ತು.”

ಬರಲಿದ್ದವನು ಚುನಾವಣೆಗೆ ನಿಂತವನು. ಊರಿನವರು ಅವನನ್ನು ನೇರ ಮಾತಿನ ಮನುಷ್ಯ ಅನ್ನುತ್ತಿದ್ದರು. ನಮ್ಮ ಕೇರಿಯಲ್ಲಿ ಅವನ ಹೆಸರು ನೇರಪ್ಪ. ಹದಿನೈದು ದಿನದ ಹಿಂದೆ ದೊಡ್ಡ ಚೌಕದಲ್ಲಿ ಮೈಕು ಹಿಡಿದು ಅವನು ನಮ್ಮ ಬಗ್ಗೆ ಮಾತಾಡಿದ್ದ. ತೊಗಲು ಕೆಲಸದವರನ್ನು ಊರಿನಾಚೆಗೆ ಸಾಗಿಸಬೇಕು, ಅವರ ಮಕ್ಕಳಿಗೆ ಬೇರೆ ಶಾಲೆ ಕಟ್ಟಬೇಕು. ಅವರನ್ನು ಕಂಡರೆ ಎಲ್ಲರಿಗೂ ಅಸಹ್ಯ, ಹೇಳುವ ಎದೆಗಾರಿಕೆ ಇರುವುದು ತನಗೊಬ್ಬನಿಗೆ. ಚೌಕದಲ್ಲಿ ಕೂಡಿದ್ದ ಜನ ಶಿಳ್ಳೆ ಹೊಡೆದಿದ್ದರು.

ಅವತ್ತಿನಿಂದ ಊಟದ ಬಿಡುವಿನಲ್ಲಿ ನಮಗೆ ಬೇರೆ ಮಾತೇ ಇರಲಿಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತರೆ ಅದೇ ಜಗಳ. ನೇರಪ್ಪ ಅಂದದ್ದು ಮನಸ್ಸಿನಿಂದಲೋ ಬರೀ ಬಾಯಿಂದಲೋ.

“ಬರೀ ಬಾಯಿ,” ಅನ್ನುತ್ತಿದ್ದರು ನನ್ನ ಭಾವ. ಗಂಡ ತೀರಿಕೊಂಡ ಮೇಲೆ ನಾನೂ ನನ್ನ ಮಗಳೂ ಅವರ ಮನೆಯಲ್ಲೇ ಇದ್ದೆವು. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಳಬರು ಅವರೇ. ಸುಣ್ಣ ತಿಂದು ತಿಂದು ಅವರ ಕೈಬೆರಳಿಗೆ ಉಗುರೇ ಉಳಿದಿರಲಿಲ್ಲ. “ಓಟಿಗೆ ಅಂತ ಏನೋ ಒದರ್ತಾನೆ. ಓದಿದ ಮನುಷ್ಯ. ಎದುರಿಗೆ ಬಂದ್ರೆ ಹಂಗೆ ಆಡಲ್ಲ. ಗೆದ್ದ ಮೇಲೆ ಮರ್ತೂ ಬಿಡ್ತಾನೆ, ನೋಡ್ತಿರು.”

“ನಿಮ್ಮ ತಲೆ,” ಅನ್ನುತ್ತಿದ್ದಳು ದೊಡ್ಡಬಾಯಿ. “ಅವನು ಅಂದಿದ್ದನ್ನೆಲ್ಲ ಮಾಡೋನೇ. ನಂಗೆ ಅವನೇ ವಾಸಿ. ಹೋದ ಸಲ ಗೆದ್ದೋನು ಬಂದು ನಮ್ಮನೇಲಿ ಕೂತು ಉಂಡ. ಅಕ್ಕ ಅಂದ, ತಂಗಿ ಅಂದ. ಕೇರಿಗೆ ನಲ್ಲಿ ಬಂತಾ? ಇವನು ಮುಖಕ್ಕೇ ಉಗೀತಾನೆ. ಒರೆಸ್ಕೊಳ್ಳೋದು ಎಲ್ಲಿ ಅಂತನಾದ್ರೂ ಗೊತ್ತಾಗುತ್ತೆ.”

ನಾನು ಯಾರ ಕಡೆಯೂ ಇರಲಿಲ್ಲ. ಆ ವಾರ ನನ್ನ ಮಗಳ ಶಾಲೆಗೆ ಹೋಗಿದ್ದೆ. ಮೂರನೇ ಕ್ಲಾಸಿನ ಎಲ್ಲ ಬೆಂಚು ಒಳಗಿದ್ದವು, ಅವಳದೊಂದು ಬಾಗಿಲಿನಾಚೆ ಮೊಗಸಾಲೆಯಲ್ಲಿತ್ತು. ಕತ್ತು ಚಾಚಿ ಕರಿಹಲಗೆ ನೋಡಿ ಬರೆದುಕೊಳ್ಳುತ್ತಿದ್ದಳು. ಟೀಚರಮ್ಮನನ್ನು ಕೇಳಿದೆ.

“ಬೇರೆ ಮಕ್ಕಳ ಅಪ್ಪ ಅಮ್ಮ ಬಂದು ಗಲಾಟೆ ಮಾಡಿದ್ರಮ್ಮ. ಇಷ್ಟು ದಿನ ಸುಮ್ನಿದ್ರು. ಈಗ ಅಷ್ಟು ದೊಡ್ಡೋರೇ ಹೇಳಿದಾರಲ್ಲ ಅಂತಾರೆ. ನಾನೇನ್ಮಾಡ್ಲಿ. ಗಾಳಿ ಚೆನ್ನಾಗಿ ಬರುತ್ತಲ್ಲ ಇಲ್ಲಿ.”

ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. “ಅವನು ಮನಸ್ಸಿಂದ ಅಂದ್ನೋ ಬಾಯಿಂದ ಅಂದ್ನೋ ನೀವಿಬ್ರೂ ಹೊಡೆದಾಡಿ. ಬೆಂಚಂತೂ ಆಚೆ ಬಂತು.”

ಭಾವ ತುತ್ತು ಹಾಗೇ ಹಿಡಿದುಕೊಂಡರು. ಆಮೇಲೆ, “ಚುನಾವಣೆ ಮುಗೀಲಿ, ಒಳಗೆ ಹಾಕ್ತಾರೆ,” ಅಂದರು.

ಅಂಥ ನೇರಪ್ಪ ಕಾರ್ಖಾನೆಗೇ ಬರುತ್ತಾನೆ ಅಂದಾಗ ಭಾವನಿಗೆ ಗೆದ್ದಷ್ಟು ಹಿಗ್ಗು. ಅವನು ನಮ್ಮ ಧಣಿಯ ಗೆಳೆಯ. ಎಲ್ಲರಿಗಿಂತ ಹಿರಿಯ ಕೆಲಸಗಾರ ಸಾಹೇಬರಿಗೆ ನೀರು ಕೊಡಬೇಕು, ಪೇಪರಿನವರು ಫೋಟೋ ಹಿಡಿಯುತ್ತಾರೆ ಅಂತ ಧಣಿ ಹೇಳಿ ಕಳಿಸಿದ್ದ. ಭಾವ ಬೆಳಗ್ಗೆ ನಿಂಬೆಹೋಳು ತಿಕ್ಕಿ ತಿಕ್ಕಿ ಕೈ ತೊಳೆದರು. ಬಿರುಕಿಗೆ ಹುಳಿ ಇಳಿದು ಹಲ್ಲು ಕಚ್ಚಿದ್ದನ್ನು ನಾನೇ ನೋಡಿದೆ.

“ಕುಡೀತಾನೆ ನೋಡ್ತಿರು,” ಅಂದರು. “ಆಮೇಲೆ ಆ ದೊಡ್ಡಬಾಯಿ ಬಾಯಿ ಮುಚ್ಚುತ್ತೆ.”

ಹನ್ನೊಂದಕ್ಕೆ ಕಾರುಗಳು ಬಂದವು. ಹಿಂದೆಯೇ ಊರಿನ ಜನ ನುಗ್ಗಿ ಅಂಗಳ ತುಂಬಿತು. ನೇರಪ್ಪ ಸಣ್ಣ ಆಳು. ನಗುಮುಖ. ಧಣಿ ಭಾವನ ಬೆನ್ನು ಮುಟ್ಟದೆ ಹಿಂದಿನಿಂದ ಕೈಯಾಡಿಸಿ ಮುಂದೆ ದಬ್ಬಿದ ಹಾಗೆ ಮಾಡಿದ. ಭಾವ ಎರಡು ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ಹೋಗಿ ನಿಂತರು.

ನೇರಪ್ಪ ಲೋಟ ನೋಡಿದ. ಕ್ಯಾಮರಾಗಳನ್ನು ನೋಡಿದ. ಮೈಕು ಇಸಿದುಕೊಂಡ.

“ಬೇರೆಯೋರಾಗಿದ್ರೆ ಇದನ್ನ ನಿಮ್ಮ ಮುಂದೆ ಗಟಗಟ ಕುಡಿದು, ಕಾರಲ್ಲಿ ಕೂತು ಬಾಯಿ ಮುಕ್ಕಳಿಸೋರು. ನಂಗೆ ಆ ನಾಟಕ ಬರಲ್ಲ. ಈ ಯಜಮಾನ್ರ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಈ ಕೈ ನೋಡಿ. ಈ ಕೈಯಿಂದ ನೀರು ಇಳಿಯಲ್ಲ ನಂಗೆ. ಅಸಹ್ಯ ಆಗುತ್ತೆ. ಇದ್ದದ್ದನ್ನ ಇದ್ದಂಗೆ ಹೇಳಿದೀನಿ. ತಪ್ಪಾ?”

ಇಲ್ಲ ಇಲ್ಲ ಅಂತ ಜನ ಕೂಗಿತು. ಚಪ್ಪಾಳೆ ಬಿತ್ತು. ಮೇಸ್ತ್ರಿ ನಮ್ಮ ಕಡೆ ಕಣ್ಣು ಬಿಟ್ಟ. ನಮ್ಮ ಸಾಲಿನಲ್ಲೂ ನಾಲ್ಕು ಕೈ ತಟ್ಟಿದವು. ಅದರಲ್ಲಿ ಎರಡು ನನ್ನವು. ಎಷ್ಟು ವರ್ಷದ ರೂಢಿಯೋ, ಕೈ ತಾವಾಗಿ ಕೂಡಿಬಿಟ್ಟವು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ವಾಕರಿಕೆ ಬರುತ್ತದೆ.

ಭಾವ ಲೋಟ ಹಿಡಿದು ನಿಂತೇ ಇದ್ದರು. ಫೋಟೋದವರು ಹತ್ತಿರ ಬಂದು ಅವರ ಬೆರಳುಗಳ ಫೋಟೋ ತೆಗೆದರು. ಕೊನೆಗೆ ಮೇಸ್ತ್ರಿ ಒಂದು ತಟ್ಟೆ ಒಡ್ಡಿ, ಲೋಟವನ್ನು ಅದರಲ್ಲಿ ಇಡಿಸಿಕೊಂಡು ಒಳಗೆ ಒಯ್ದ. ನೇರಪ್ಪನೂ ಧಣಿಯೂ ಕಚೇರಿಗೆ ಹೋದರು. ನೆಲದ ಮೇಲೆ ಹೆಜ್ಜೆ ಮೂಡಿದೆ, ಒರೆಸು ಅಂತ ಮೇಸ್ತ್ರಿ ನನ್ನನ್ನು ಹಿಂಬಾಗಿಲಿನಿಂದ ಕಳಿಸಿದ.

ನಾನು ಮೊಣಕಾಲೂರಿ ಒರೆಸುತ್ತಿದ್ದೆ. ನೇರಪ್ಪ ಫ್ಯಾನಿನ ಕೆಳಗೆ ಕೂತು ಕಾಲರ್ ಸಡಿಲ ಮಾಡಿಕೊಂಡ. “ಏನು ಧಗೆ ಕಣ್ರಿ,” ಅಂದ. ಮೇಜಿನ ಮೇಲೆ ತಟ್ಟೆಯಲ್ಲಿ ಅದೇ ಲೋಟವಿತ್ತು. ಎತ್ತಿದ, ಅಂಚಿಗೆ ತುಟಿ ಹಚ್ಚಿ ಪೂರ್ತಿ ಕುಡಿದ.

ಧಣಿಯ ಮುಖ ಬಿಳುಚಿತು. “ಸಾಹೇಬ್ರೆ, ಅದು ಆ ಮುದುಕ ಕೊಟ್ಟಿದ್ದು.”

“ಗೊತ್ತು ಬಿಡ್ರಿ. ನೀರು ತಾನೆ.” ಬಾಯಿ ಒರೆಸಿಕೊಂಡ. “ಕಾಲೇಜು ಓದುವಾಗ ಇಂಥೋರ ಮನೇಲೇ ಎರಡು ವರ್ಷ ಬಾಡಿಗೆಗಿದ್ದೆ. ಆಯಮ್ಮ ಹಾಕಿದ್ದನ್ನೇ ತಿಂತಿದ್ದೆ. ನಂಗ್ಯಾವ ಅಸಹ್ಯ. ಜನಕ್ಕೆ ಇದೆ, ಅದನ್ನ ನಾನು ಅವರ ಪರವಾಗಿ ಹೇಳ್ತೀನಿ ಅಷ್ಟೆ. ಆದ್ರೆ ಮುದುಕ ಚೆನ್ನಾಗಿ ನಿಂತ ಕಣ್ರಿ. ಫೋಟೋ ಅದ್ಭುತ ಬರುತ್ತೆ.”

ಆಗ ನಾನು ಕಣ್ಣಿಗೆ ಬಿದ್ದೆ. ಅವನು ಗಾಬರಿಯಾಗಲಿಲ್ಲ. “ಇನ್ನೊಂದು ಲೋಟ ತಂದ್ಕೊಡ್ತೀಯಾ ತಾಯಿ?” ಅಂದ. ದನಿಯಲ್ಲಿ ಮರ್ಯಾದೆಯಿತ್ತು, ಸಲಿಗೆಯೂ ಇತ್ತು. ಹೇಸಿಗೆ ಪಟ್ಟು ದೂರ ತಳ್ಳುವವರನ್ನು ಹುಟ್ಟಿನಿಂದ ಕಂಡಿದ್ದೆ. ಹೇಸಿಗೆಯೇ ಇಲ್ಲದೆ ತಳ್ಳುವವನನ್ನು ಕಂಡಿರಲಿಲ್ಲ.

ಬರಿದಾದ ಲೋಟ ತೆಗೆದುಕೊಂಡು ಮುಂಬಾಗಿಲಿನಿಂದಲೇ ಹೊರಗೆ ಬಂದೆ. ಜನ ಇನ್ನೂ ಕರಗಿರಲಿಲ್ಲ. ಭಾವ ಕಂಬಕ್ಕೆ ಒರಗಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಭಾವ, ನೀವು ಕೊಟ್ಟ ನೀರನ್ನ ಸಾಹೇಬ್ರು ಒಳಗೆ ಕೂತು ಕುಡಿದ್ರು. ಅವರಿಗೆ ಅಸಹ್ಯನೇ ಇಲ್ವಂತೆ. ಇಂಥೋರ ಮನೇಲೇ ಎರಡು ವರ್ಷ ಉಂಡಿದಾರಂತೆ. ಇನ್ನೊಂದು ಲೋಟ ಬೇಕಂತೆ.”

“ಹಂಗಾದ್ರೆ ನಿನ್ನ ಭಾವ ಹೇಳಿದ್ದೇ ಸರಿ,” ಅಂದಳು ದೊಡ್ಡಬಾಯಿ. ಅವಳ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿರಲಿಲ್ಲ. ನೇರಪ್ಪ ಮನಸ್ಸಿನಿಂದ ಅಂದಿರಲಿಲ್ಲ. ಭಾವನ ಮುಖ ನೋಡಲಾಗಲಿಲ್ಲ ನನಗೆ.

ಅಷ್ಟರಲ್ಲಿ ಜನರ ನಡುವಿನಿಂದ ಯಾರೋ, “ನೋಡ್ರಪ್ಪ, ಎಂಥ ದೊಡ್ಡ ಮನಸ್ಸು,” ಅಂದ. ಇನ್ನೊಬ್ಬ ಹೌದು ಅಂದ. ಮತ್ತೆ ಚಪ್ಪಾಳೆ ಶುರುವಾಯಿತು. ಕುಡಿಯದ್ದಕ್ಕೆ ತಟ್ಟಿದವರೇ ಕುಡಿದಿದ್ದಕ್ಕೂ ತಟ್ಟಿದರು.

ಸದ್ದು ಕೇಳಿ ನೇರಪ್ಪ ಬಾಗಿಲಿಗೆ ಬಂದ. ಒಂದು ಗಳಿಗೆ ಜನರ ಮುಖ ಓದಿದ. ಮೆಟ್ಟಿಲಿಳಿದು ಬಂದು, ಕ್ಯಾಮರಾ ತಿರುಗುವವರೆಗೆ ಕಾದು, ಭಾವನ ಮುಂದೆ ಕೈ ಚಾಚಿದ.

“ಕೊಡಿ ಯಜಮಾನ್ರೆ. ಎಲ್ಲರ ಮುಂದೇನೇ ಕುಡೀತೀನಿ.”

ಭಾವ ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಅಂಗಳದ ನಲ್ಲಿಯ ಹತ್ತಿರ ಹೋಗಿ ಬೂದಿ ಹಾಕಿ ತಿಕ್ಕಿದರು. ಒಳಗೆ ತಿಕ್ಕಿದರು, ತುಟಿ ತಾಗಿದ ಅಂಚನ್ನು ಮೂರು ಸಲ ತಿಕ್ಕಿದರು. ತೊಳೆದು, ನೀರು ಹಿಡಿದು ಬಂದರು. ನೇರಪ್ಪ ಕೈ ಚಾಚಿಕೊಂಡೇ ಇದ್ದ. ಭಾವ ಅವನ ಎದುರು ನಿಂತು ಆ ನೀರನ್ನು ತಾವೇ ಕುಡಿದರು. ಅವಸರವಿಲ್ಲದೆ, ಕೊನೆಯ ಹನಿಯವರೆಗೆ.

“ನಿಮಗೆ ಕೊಡೋಕೆ ನಂಗೆ ಅಸಹ್ಯ ಆಗುತ್ತೆ,” ಅಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನೇರಪ್ಪನ ನಗು ಮುಖದ ಮೇಲೇ ಉಳಿದಿತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದ ಹಾಗೆ. ಮೇಸ್ತ್ರಿ, “ಲೇ ಸೂಳೆಮಗನೇ,” ಅಂತ ಓಡಿ ಬಂದು ಭಾವನ ಕತ್ತುಪಟ್ಟಿ ಹಿಡಿದ. ನಾನು ಅವನ ಮಣಿಕಟ್ಟು ಹಿಡಿದೆ.

“ಮುಟ್ಟಬೇಡ ಕಣೇ, ಬಿಡೇ ಕೈನ,” ಅಂದ.

ಬಿಡಲಿಲ್ಲ. ದೊಡ್ಡಬಾಯಿ ಬಂದು ಅವನ ಇನ್ನೊಂದು ಕೈ ಹಿಡಿದಳು. ಹಿಂದೆ ತೊಟ್ಟಿಗಳ ಕಡೆಯಿಂದ ನಮ್ಮವರು ಒಬ್ಬೊಬ್ಬರಾಗಿ ಸಾಲು ಬಿಟ್ಟು ಬರುತ್ತಿದ್ದರು. ಅಂಗಳದ ಜನ ಮೂಗು ಹಿಡಿದುಕೊಂಡು ಗೇಟಿನ ಕಡೆಗೆ ಸರಿಯತೊಡಗಿತು.